ಕ್ಯಾಮೆರಾ ಯಾರ ಪಕ್ಕ ನಿಂತಿದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಸಂಜೆಯಾದರೆ ಟಿವಿ ಆನ್ ಆಗುತ್ತದೆ. ಅತ್ತೆಯ ಜೊತೆ ಕೂತು ಮೂರು ನಾಲ್ಕು ಸೀರಿಯಲ್ ನೋಡುತ್ತೇನೆ. ರಜಾ ದಿನ ಮಕ್ಕಳ ಜೊತೆ ಒಟಿಟಿಯಲ್ಲಿ ಸಿನಿಮಾ. ಆದರೆ ಮರುದಿನ ಯಾರಾದರೂ ಕೇಳಿದರೆ ಕಥೆ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಕೆಲವೊಮ್ಮೆ ಕಥೆಯೂ ಇಲ್ಲ. ಕಾಲೇಜಿಗೆ ಹೋಗುವ ಮಗಳು ‘ನೀನು ಸುಮ್ನೆ ಕಣ್ಣು ಬಿಟ್ಕೊಂಡು ಕೂತಿರ್ತೀಯ, ನೋಡೋದೇ ಇಲ್ಲ’ ಅನ್ನುತ್ತಾಳೆ. ಯೋಚನೆ ಮಾಡಿ ನೋಡುವುದು ಅಂದರೆ ಏನು? ಅದಕ್ಕೆ ಓದಿರಬೇಕಾ? ಹಾಗೆ ನೋಡಿದರೆ ಮಜಾ ಹೋಗುವುದಿಲ್ವಾ? ನೋಡಿದ್ದನ್ನೆಲ್ಲ ಬರೆದಿಡಬೇಕಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಜಾದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಸಿನಿಮಾ ರಸಗ್ರಹಣ ಶಿಬಿರಗಳಿಗೆ, ಅಂದರೆ ಸಿನಿಮಾ ನೋಡುವುದನ್ನು ಕಲಿಸುವ ಶಿಬಿರಗಳಿಗೆ, ಬರುವವರಲ್ಲಿ ಬಹಳ ಜನರಿಗೆ ಒಳಗೊಳಗೆ ಇರುವ ಭಯ ಅದೇ. ಫೀಲ್ಡರುಗಳನ್ನು ಯಾಕೆ ಹಾಗೆ ನಿಲ್ಲಿಸಿದ್ದಾರೆ ಅಂತ ಗೊತ್ತಿರುವವರಿಗೆ ಕ್ರಿಕೆಟ್ ಜಾಸ್ತಿ ಖುಷಿ ಕೊಡುತ್ತದೆ, ಅಲ್ವಾ? ಇದೂ ಹಾಗೆಯೇ. ಆದರೆ ಒಂದು ಮಾತು ಒಪ್ಪಲೇಬೇಕು. ಕೆಲವು ಸಿನಿಮಾಗಳ ಮಜಾ ನಿಜಕ್ಕೂ ಹೋಗಿಬಿಡುತ್ತದೆ. ನಾವು ಗಮನಿಸದೇ ಇದ್ದರೆ ಮಾತ್ರ ಕೆಲಸ ಮಾಡುವ ಸಿನಿಮಾಗಳು ಅವು. ಹೋದರೆ ಹೋಗಲಿ ಬಿಡಿ.

ಇನ್ನು ಶುರು ಎಲ್ಲಿಂದ? ದೊಡ್ಡ ದೊಡ್ಡ ನಿರ್ದೇಶಕರ ಹೆಸರಿನ ಪಟ್ಟಿ ನಾನು ಕೊಡುವುದಿಲ್ಲ. ಇವತ್ತು ಸಂಜೆ ನೀವು ನೋಡುವ ಅದೇ ಸೀರಿಯಲ್ ಸಾಕು. ಜಗಳದ ಸೀನ್ ಬಂದಾಗ ರಿಮೋಟ್ ತೆಗೆದುಕೊಂಡು ಮ್ಯೂಟ್ ಒತ್ತಿ. ಅತ್ತೆ ಗದರಿದರೆ ‘ಎರಡೇ ನಿಮಿಷ’ ಅನ್ನಿ.

ಏನು ಕಾಣುತ್ತದೆ? ಒಬ್ಬಳು ಏನೋ ಒಂದು ಮಾತು ಆಡುತ್ತಾಳೆ. ಕೂಡಲೇ ಅತ್ತೆಯ ಮುಖ. ಆಮೇಲೆ ನಾದಿನಿಯ ಮುಖ. ಆಮೇಲೆ ಗಂಡ, ಮೈದುನ, ಅಡುಗೆಮನೆ ಬಾಗಿಲಲ್ಲಿ ನಿಂತ ಕೆಲಸದವಳು. ಎಲ್ಲರ ಮುಖವೂ ತೆರೆ ತುಂಬ. ಕ್ಯಾಮೆರಾ ಒಂದೇ ಮುಖದ ಮೇಲೆ ಮೂರು ಸಲ ನುಗ್ಗುತ್ತದೆ. ಯಾರೂ ಮಾತಾಡುತ್ತಿಲ್ಲ, ಕದಲುತ್ತಿಲ್ಲ. ಶಬ್ದ ಇದ್ದಾಗ ಭೂಕಂಪವೇ ಆದ ಹಾಗೆ ಅನಿಸಿದ್ದ ಸೀನಿನಲ್ಲಿ ಏಳೆಂಟು ಜನ ಸುಮ್ಮನೆ ನಿಂತಿದ್ದಾರೆ, ಅಷ್ಟೇ.

ಇದನ್ನು ನೋಡಿ ನಗುವುದು ಸುಲಭ. ಯಾಕೆ ಹೀಗೆ ಅಂತ ಕೇಳುವುದರಲ್ಲೇ ಇರುವುದು ಸ್ವಾರಸ್ಯ. ಲೆಕ್ಕ ಹಾಕಿ ನೋಡಿ. ಕೇಬಲ್ ಟಿವಿಗೆ 1994ರಲ್ಲಿ ಮಾಡಿದ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಅಂದರೆ ಅರ್ಧ ಗಂಟೆಯ ಸ್ಲಾಟಿನಲ್ಲಿ ನಿಯಮದಂತೆ ಉಳಿಯುವುದೇ 24 ನಿಮಿಷ. ಅದರಲ್ಲಿ ನಿನ್ನೆಯ ಕಥೆ, ಟೈಟಲ್ ಹಾಡು, ನಾಳೆಯ ತುಣುಕು ಕಳೆಯಿರಿ. ಉಳಿದದ್ದನ್ನು ವಾರಕ್ಕೆ ಐದು ಆರು ದಿನ, ವರ್ಷಗಟ್ಟಲೆ ತುಂಬಿಸಬೇಕು. ಎಪಿಸೋಡುಗಳ ‘ಬ್ಯಾಂಕಿಂಗ್’, ಅಂದರೆ ಮೊದಲೇ ಶೂಟ್ ಮಾಡಿಟ್ಟ ದಾಸ್ತಾನು, ಖಾಲಿಯಾದರೆ ಇಡೀ ಯೂನಿಟ್ಟಿಗೆ ನಿದ್ದೆ ಇಲ್ಲ. ಇಂಥ ಸ್ಥಿತಿಯಲ್ಲಿ ಒಂದು ಮಾತಿಗೆ ಎಂಟು ಮುಖ ತೋರಿಸಿದರೆ ಹೊತ್ತು ತುಂಬುತ್ತದೆ, ಹೊಸ ಸಂಭಾಷಣೆಯ ಖರ್ಚೂ ಇಲ್ಲ. ಮನೆಯ ಸೆಟ್ಟಿನಲ್ಲಿ ರಾತ್ರಿಯಾದರೂ ಮೂಲೆ ಮೂಲೆಯಲ್ಲಿ ಬೆಳಕು ಇರುವುದನ್ನು ಗಮನಿಸಿದ್ದೀರಾ? ಒಂದೊಂದು ಶಾಟಿಗೂ ಲೈಟ್ ಬದಲಿಸುತ್ತಾ ಕೂತರೆ ಆ ದಿನದ ಕೆಲಸ ಮುಗಿಯುವುದಿಲ್ಲ. ನೆರಳು ಬೇಕೆಂದರೆ ಸಮಯ ಬೇಕು.

ಈಗ ಉಲ್ಟಾ ಮಾಡಿ. ಟಿವಿಗೆ ಬೆನ್ನು ಹಾಕಿ, ಸೊಪ್ಪು ಬಿಡಿಸುತ್ತಾ, ಬರೀ ಕೇಳಿ. ಕಥೆ ಒಂದು ಚೂರೂ ತಪ್ಪುವುದಿಲ್ಲ. ‘ಅಂದರೆ ನೀನು ಹೇಳೋದು, ನನ್ನ ಮಗನೇ ಆ ಪತ್ರ ಬರೆದಿದ್ದಾನೆ ಅಂತಲಾ?’ ಎಂದು ಆ ಪತ್ರದ ವಿಷಯವನ್ನು ಯಾರಾದರೂ ಇನ್ನೊಮ್ಮೆ ಹೇಳಿಯೇ ಹೇಳುತ್ತಾರೆ. ಇದಕ್ಕೆ ಹಳೆಯ ಕಾರಣವಿದೆ. ದಿನದ ಧಾರಾವಾಹಿ ಹುಟ್ಟಿದ್ದು ಟಿವಿಯಲ್ಲಿ ಅಲ್ಲ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ. ಮನೆಗೆಲಸ ಮಾಡುತ್ತಾ ಕೇಳುವ ಹೆಂಗಸರಿಗಾಗಿ. ದುಡ್ಡು ಹಾಕುತ್ತಿದ್ದವರು ಸೋಪು ಕಂಪನಿಗಳು, ಅದಕ್ಕೇ ಅದಕ್ಕೆ ‘ಸೋಪ್’ ಎಂಬ ಹೆಸರು ಅಂಟಿಕೊಂಡಿತು. ಈಗ ಬಣ್ಣ ಬಂದಿದೆ, ರೇಷ್ಮೆ ಸೀರೆ ಬಂದಿದೆ. ಆದರೂ ಅದು ಇವತ್ತಿಗೂ ಕಿವಿಗಾಗಿಯೇ ಬರೆಯುವ ಕಥೆ. ನಿಮಗೆ ಮರುದಿನ ಏನೂ ಕಣ್ಣಮುಂದೆ ಬರುವುದಿಲ್ಲ ಅಂದಿರಲ್ಲ, ತಪ್ಪು ಪೂರ್ತಿ ನಿಮ್ಮದಲ್ಲ. ಕಣ್ಣಿಗೆ ಅಲ್ಲಿ ಕೊಟ್ಟಿದ್ದೇ ಕಡಿಮೆ.

ಸೀರಿಯಲ್ ಅಂದರೆ ಇಷ್ಟೇ ಅಂತ ತೀರ್ಮಾನಿಸಬೇಡಿ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ಸೀನಿಗಾಗಿ ಜನ ಕಾದು ಕೂರುತ್ತಿದ್ದದ್ದು ನಿಮಗೂ ನೆನಪಿರಬಹುದು. ಅಲ್ಲೂ ಮುಖಗಳೇ, ಮಾತೇ. ಆದರೆ ಆ ಮಾತಿನಲ್ಲಿ ವಾದ ಇರುತ್ತಿತ್ತು. ಎದುರಿನವರ ಮಾತು ಕೇಳಿ ನಮ್ಮ ಅಭಿಪ್ರಾಯವೂ ಸ್ವಲ್ಪ ಅಲುಗಾಡುತ್ತಿತ್ತು.

ಆ ಎಂಟು ಮುಖಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇಡೀ ಸಿನಿಮಾ ಕಲೆಯ ಗುಟ್ಟು ಅಲ್ಲೇ ಇದೆ. ನೂರು ವರ್ಷಕ್ಕೂ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಎಂಬ ನಿರ್ದೇಶಕ ಒಂದು ಪ್ರಯೋಗ ಮಾಡಿದರು. ಮೊಜ್ಜುಖಿನ್ ಎಂಬ ಆ ಕಾಲದ ಹೆಸರಾಂತ ನಟನ ಮುಖದ ಒಂದು ಶಾಟ್ ತೆಗೆದುಕೊಂಡರು. ಮುಖದಲ್ಲಿ ಅಂಥ ಭಾವನೆ ಏನೂ ಇಲ್ಲ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು ಅಂಟಿಸಿದರು. ಇನ್ನೊಮ್ಮೆ ಶವಪೆಟ್ಟಿಗೆ. ನೋಡಿದವರು ಮೊದಲನೆಯದಕ್ಕೆ ‘ಎಂಥ ಹಸಿವು’ ಅಂದರಂತೆ, ಎರಡನೆಯದಕ್ಕೆ ‘ಎಂಥ ದುಃಖ’ ಅಂದರಂತೆ. ಮುಖ ಮಾತ್ರ ಅದೇ. ಪ್ರಯೋಗದ ಕತೆಯನ್ನು ಅವರ ಶಿಷ್ಯ ಪುಡೊವ್‌ಕಿನ್ ಬರೆದಿಟ್ಟಿದ್ದಾರೆ.

ಅಂದರೆ ಹಸಿವನ್ನೂ ದುಃಖವನ್ನೂ ತಂದು ಹಾಕಿದವರು ನೋಡುವವರು. ನೀವು ‘ಸುಮ್ನೆ’ ಕೂತಿರುವುದೇ ಇಲ್ಲ. ಎರಡು ಶಾಟುಗಳ ನಡುವಿನ ಸಂದನ್ನು ನಿಮ್ಮ ತಲೆ ಬಿಡುವಿಲ್ಲದೆ ತುಂಬುತ್ತಿರುತ್ತದೆ. ಇದನ್ನು ಮಗಳಿಗೆ ಹೇಳಿ. ಆ ಕೆಲಸ ನಡೆಯುತ್ತಿದೆ ಅಂತ ಗೊತ್ತಾಗುವುದೇ ಯೋಚನೆ ಮಾಡಿ ನೋಡುವುದು. ಸೀರಿಯಲ್ಲಿನ ಎಡಿಟರ್ ಆ ಸಂದನ್ನೇ ಬಿಡುವುದಿಲ್ಲ. ಎಂಟು ಮುಖ, ಎಂಟು ಸಲ ‘ಧಡ್’ ಎಂಬ ಸದ್ದು. ನಿಮಗೆ ತುಂಬಲು ಏನೂ ಉಳಿದಿರುವುದಿಲ್ಲ. ಒಳ್ಳೆಯ ನಿರ್ದೇಶಕರು ಸಂದು ಬಿಡುತ್ತಾರೆ.

ಸದ್ದಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಚಿತ್ರರಂಗದವರು ಹಿನ್ನೆಲೆ ಸಂಗೀತಕ್ಕೆ ‘ಆರ್‌ಆರ್’ ಅನ್ನುತ್ತಾರೆ, ರೀರೆಕಾರ್ಡಿಂಗ್ ಅಂತ. ಸೀನ್ ಸಪ್ಪೆಯಾಗಿದ್ದರೆ ‘ಆರ್‌ಆರ್‌ನಲ್ಲಿ ಎತ್ತೋಣ ಬಿಡಿ’ ಎನ್ನುವ ಮಾತು ಸ್ಟುಡಿಯೊಗಳಲ್ಲಿ ಮಾಮೂಲು. ನಿಮಗೆ ಅಳು ಬಂದಾಗ ಅದು ಪಾತ್ರದ ಕಷ್ಟಕ್ಕೆ ಬಂತಾ, ಪಿಟೀಲಿಗೆ ಬಂತಾ ಅಂತ ಒಮ್ಮೆ ಕೇಳಿಕೊಳ್ಳಿ. ಪಿಟೀಲಿಗೆ ಅತ್ತರೆ ಪಾಪವೇನಲ್ಲ. ಗೊತ್ತಿದ್ದು ಅಳಿ, ಅಷ್ಟೇ.

ಈಗ ಸಿನಿಮಾ. ಇಲ್ಲಿ ನಾನು ಹೇಳಿಕೊಡುವುದು ಒಂದೇ ಒಂದು ಪ್ರಶ್ನೆ. ಕ್ಯಾಮೆರಾ ಯಾರ ಪಕ್ಕ ನಿಂತಿದೆ?

‘ಘಟಶ್ರಾದ್ಧ’ ಸಿನಿಮಾ ತೆಗೆದುಕೊಳ್ಳಿ. 1977ರದು, ಗಿರೀಶ ಕಾಸರವಳ್ಳಿಯವರ ಮೊದಲ ದೊಡ್ಡ ಸಿನಿಮಾ, ಅನಂತಮೂರ್ತಿಯವರ ಕಥೆ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದ ಚಿತ್ರ. ಅದರ ಹಳೆಯ ಪ್ರತಿಯನ್ನು ರಿಪೇರಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಕಥೆ ಮಲೆನಾಡಿನ ಒಂದು ಅಗ್ರಹಾರದ್ದು. ಉಡುಪರ ವೇದಪಾಠಶಾಲೆ. ಅವರ ಮಗಳು ಯಮುನಕ್ಕ ವಿಧವೆ. ಅವಳು ಗರ್ಭಿಣಿಯಾಗುತ್ತಾಳೆ. ಊರು ಅವಳನ್ನು ಹೊರಹಾಕುತ್ತದೆ, ಬದುಕಿರುವಾಗಲೇ ಶ್ರಾದ್ಧ ಮಾಡಿ.

ಈ ಕಥೆಯನ್ನು ಹೇಗೆ ಬೇಕಾದರೂ ಹೇಳಬಹುದಿತ್ತು. ಯಮುನಕ್ಕನ ಕಣ್ಣೀರಿನಿಂದ ಹೇಳಬಹುದಿತ್ತು. ಉಡುಪರ ಅವಮಾನದಿಂದ ಹೇಳಬಹುದಿತ್ತು. ಊರಿನವರ ಸಭೆ ಸೇರಿಸಿ, ಯಾರೋ ಒಬ್ಬ ಒಳ್ಳೆಯವನ ಬಾಯಲ್ಲಿ ಐದು ನಿಮಿಷದ ಭಾಷಣ ಹಾಕಿಸಿ, ಚಪ್ಪಾಳೆ ಗಿಟ್ಟಿಸಬಹುದಿತ್ತು. ಕಾಸರವಳ್ಳಿ ಕ್ಯಾಮೆರಾ ನಿಲ್ಲಿಸಿದ್ದು ನಾಣಿಯ ಪಕ್ಕ. ಪಾಠಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗ. ಮನೆಯ ನೆನಪಾಗಿ ಅಳುವ, ದೊಡ್ಡ ಹುಡುಗರ ಕಾಟ ತಿನ್ನುವ ಹುಡುಗ. ಅವನಿಗೆ ಅಲ್ಲಿ ತಾಯಿಯಂತೆ ಇರುವವಳು ಯಮುನಕ್ಕ ಒಬ್ಬಳೇ. ಏನೋ ನಡೆಯುತ್ತಿದೆ ಅಂತ ಅವನಿಗೆ ಗೊತ್ತು. ಏನು ಅಂತ ಗೊತ್ತಿಲ್ಲ.

ನಾಣಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ. ಆದರೆ ನಾವು ನೋಡುವುದು ಹೆಚ್ಚಾಗಿ ಅವನಿಗೆ ಸಿಕ್ಕುವಷ್ಟನ್ನೇ. ಈ ಎರಡರ ನಡುವೆ ಒಂದು ದೊಡ್ಡ ಸಂದು ಬೀಳುತ್ತದೆ. ಅಲ್ಲಿ ನಾವು ಒದ್ದಾಡುತ್ತೇವೆ. ಹುಡುಗನಿಗೆ ಏನಾದರೂ ಹೇಳೋಣ ಅನಿಸುತ್ತದೆ, ಹೇಳುವ ಹಾಗಿಲ್ಲ. ಯಮುನಕ್ಕನೂ ತನ್ನ ಕಷ್ಟವನ್ನು ಉದ್ದುದ್ದ ಮಾತಿನಲ್ಲಿ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡಿದ್ದರೆ ನಾವು ‘ಅಯ್ಯೋ ಪಾಪ’ ಅಂದು ಹಗುರಾಗಿಬಿಡುತ್ತಿದ್ದೆವು. ಶಾಸ್ತ್ರದಲ್ಲಿ ಹೀಗಿದೆ, ಸಂಪ್ರದಾಯದಲ್ಲಿ ಹಾಗಿದೆ ಎಂಬ ದೊಡ್ಡವರ ವಾದಗಳು ಹುಡುಗನ ಪಕ್ಕ ನಿಂತು ಕೇಳಿದಾಗ ಬೇರೆಯೇ ಕೇಳಿಸುತ್ತವೆ. ಅವನಿಗೆ ಆ ವಾದ ಯಾವುದೂ ಬೇಕಿಲ್ಲ, ಯಮುನಕ್ಕ ಬೇಕು. ಸಿನಿಮಾದ ಕೋಪ ಇರುವುದು ಅಲ್ಲಿ. ಯಾವ ಸಂಭಾಷಣೆಯಲ್ಲೂ ಅದನ್ನು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೊನೆಯ ದೃಶ್ಯ ನಾನು ಹೇಳುವುದಿಲ್ಲ, ನೀವೇ ನೋಡಿ. ನೋಡುವಾಗ ನಾಣಿಯ ಕಣ್ಣು ಎಲ್ಲಿದೆ ಅಂತ ಮರೆಯಬೇಡಿ.

ಇದೇ ಪ್ರಶ್ನೆಯನ್ನು ಮಕ್ಕಳ ಜೊತೆ ನೋಡುವ ಕಮರ್ಷಿಯಲ್ ಸಿನಿಮಾಕ್ಕೆ ಕೇಳಿ. ಹೀರೊ ಎಂಟ್ರಿ ಬರಲಿ. ಮೊದಲು ಬೂಟು. ಆಮೇಲೆ ಕೈ. ಆಮೇಲೆ ಬೆನ್ನು. ಮುಖ ಬರುವ ಹೊತ್ತಿಗೆ ಥಿಯೇಟರಿನಲ್ಲಿ ಶಿಳ್ಳೆ. ಕ್ಯಾಮೆರಾ ನೆಲದ ಹತ್ತಿರ ಇದೆ, ತಲೆ ಎತ್ತಿ ನೋಡುತ್ತಿದೆ. ಇನ್ನು ನಾಯಕಿ ಬರಲಿ. ಈಗ ಕ್ಯಾಮೆರಾ ಯಾರದು? ಬಹಳ ಸಲ ಅದು ಹೀರೊನದು, ಇಲ್ಲವೇ ಅವನ ಗೆಳೆಯರದು. ಅವಳು ನಡೆದು ಬರುವುದನ್ನು ಅವರ ಜೊತೆ ಕಟ್ಟೆ ಮೇಲೆ ಕೂತು ನಾವೂ ನೋಡುತ್ತೇವೆ. ಅವನು ಅವಳ ಹಿಂದೆ ಬೀಳುತ್ತಾನೆ. ಬಸ್ ಸ್ಟಾಪಿನಲ್ಲಿ, ಕಾಲೇಜಿನಲ್ಲಿ, ಅವಳ ಮನೆ ಮುಂದೆ. ಅವಳು ಬೇಡ ಅಂದರೂ ಬಿಡುವುದಿಲ್ಲ. ನಮಗೆ ತಮಾಷೆಯಾಗಿ ಕಾಣುತ್ತದೆ, ಯಾಕೆಂದರೆ ಹಿಂದೆ ತಮಾಷೆಯ ಸಂಗೀತ ಇದೆ, ಮತ್ತು ನಾವು ಅವನ ಪಕ್ಕ ನಿಂತಿದ್ದೇವೆ. ಮನಸ್ಸಿನಲ್ಲೇ ಕ್ಯಾಮೆರಾವನ್ನು ಅವಳ ಪಕ್ಕಕ್ಕೆ ಎತ್ತಿಡಿ. ಸಂಗೀತ ತೆಗೆಯಿರಿ. ಅದೇ ಸೀನ್ ಈಗ ಭಯದ ಸಿನಿಮಾ. ನಿಮ್ಮ ಮಗಳ ಜೊತೆ ಇದನ್ನು ಮಾಡಿ ನೋಡಿ, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಮಗ ಇದ್ದರೆ ಅವನನ್ನೂ ಕೂರಿಸಿಕೊಳ್ಳಿ.

ಅದಕ್ಕೇ ನನಗೆ ನಮ್ಮಲ್ಲಿ ಸಿಕ್ಕಾಪಟ್ಟೆ ಕೇಳುವ ಒಂದು ಪ್ರಶ್ನೆ ಇಷ್ಟವಿಲ್ಲ. ‘ಈ ಸಿನಿಮಾದ ಸಂದೇಶ ಏನು?’ ಪ್ರೆಸ್ ಮೀಟಿನಲ್ಲೂ ಕೇಳುತ್ತಾರೆ, ಮನೆಯಲ್ಲೂ ಕೇಳುತ್ತಾರೆ. ನಿರ್ದೇಶಕರೂ ತಯಾರಾಗಿ ಬಂದಿರುತ್ತಾರೆ: ಹೆಣ್ಣನ್ನು ಗೌರವಿಸಿ, ರೈತನನ್ನು ಉಳಿಸಿ, ತಂದೆ ತಾಯಿಯನ್ನು ನೋಡಿಕೊಳ್ಳಿ. ಕೊನೆಯ ಹತ್ತು ನಿಮಿಷದಲ್ಲಿ ಹೀರೊ ಅದನ್ನು ಕೂಗಿಯೂ ಹೇಳುತ್ತಾನೆ. ಅದಕ್ಕೂ ಮುಂಚೆ ಎರಡು ಗಂಟೆ ಕ್ಯಾಮೆರಾ ಏನು ಮಾಡುತ್ತಿತ್ತು? ಹೆಣ್ಣನ್ನು ಗೌರವಿಸಿ ಅನ್ನುವ ಸಿನಿಮಾ ಐಟಂ ಸಾಂಗಿನಲ್ಲಿ ಅವಳ ಮುಖ ತೋರಿಸಿದ್ದೆಷ್ಟು? ರೈತನ ಸಿನಿಮಾದಲ್ಲಿ ರೈತನಿಗೆ ಕ್ಲೋಸಪ್ ಸಿಕ್ಕಿತಾ, ಇಲ್ಲಾ ಅವನು ಹೀರೊ ಭಾಷಣ ಕೇಳುವ ಗುಂಪಿನಲ್ಲಿ ನಿಂತಿದ್ದನಾ? ಬಾಯಿ ಒಂದು ಹೇಳಿ ಕ್ಯಾಮೆರಾ ಇನ್ನೊಂದು ಹೇಳಿದರೆ ನಾನು ಕ್ಯಾಮೆರಾವನ್ನೇ ನಂಬುತ್ತೇನೆ.

ಕಲಾತ್ಮಕ ಸಿನಿಮಾಕ್ಕೆ ಇದರಿಂದ ರಿಯಾಯಿತಿ ಇಲ್ಲ. ನಿಧಾನ ಇದ್ದ ಮಾತ್ರಕ್ಕೆ ಆಳ ಇರುವುದಿಲ್ಲ. ಬಡವರ ಮುಖವನ್ನು ಚಂದದ ಬೆಳಕಿನಲ್ಲಿ ಎರಡು ನಿಮಿಷ ತೋರಿಸಿ, ಅವರಿಗೆ ಒಂದೂ ಸ್ವಂತ ಆಸೆ ಕೊಡದ ಸಿನಿಮಾಗಳು ಪ್ರಶಸ್ತಿ ಪಟ್ಟಿಗಳಲ್ಲಿ ಬೇಕಾದಷ್ಟಿವೆ. ಈ ಬಗ್ಗೆ ಅನುಮಾನವಿದ್ದರೆ ಪಕ್ಕದಲ್ಲಿ ‘ತಿಥಿ’ ಇಟ್ಟು ನೋಡಿ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ. ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದಾರೆ, ಒಬ್ಬರೂ ಕಸುಬಿನ ನಟರಲ್ಲ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ತಿರುಗಾಡಿಕೊಂಡಿದ್ದರೆ ಸಾಕು. ಮೊಮ್ಮಗನಿಗೆ ಜಮೀನಿನ ಚಿಂತೆ. ಮರಿಮಗನಿಗೆ ಹುಡುಗಿಯ ಚಿಂತೆ. ಅಲ್ಲಿ ಯಾವಾಗ ನಗಬೇಕು ಅಂತ ಯಾರೂ ನಿಮಗೆ ಸನ್ನೆ ಮಾಡುವುದಿಲ್ಲ. ಕ್ಯಾಮೆರಾ ಸ್ವಲ್ಪ ದೂರ ನಿಂತು, ಜನ ತಮ್ಮ ಪಾಡಿಗೆ ಇರಲು ಬಿಡುತ್ತದೆ. ಒಂದೇ ಕೋಣೆಯಲ್ಲಿ ಕೂತವರು ಬೇರೆ ಬೇರೆ ಜಾಗದಲ್ಲಿ ನಗುತ್ತಾರೆ. ‘ಸ್ಲೋ ಆಯ್ತು’ ಅನ್ನುವ ಮೊದಲು ಹಾಗೆ ಅನಿಸಿದ ಆ ಹೊತ್ತಿನಲ್ಲಿ ತೆರೆಯ ಮೂಲೆಯಲ್ಲಿ ಏನಿತ್ತು ಅಂತ ನೋಡಿಕೊಳ್ಳಿ. ಆಗಲೂ ಏನೂ ಸಿಗದಿದ್ದರೆ ‘ಸ್ಲೋ’ ಅನ್ನಲು ನಿಮಗೆ ಪೂರ್ತಿ ಹಕ್ಕಿದೆ.

ಓದಿರಬೇಕಾ ಅಂತ ಕೇಳಿದ್ದೀರಿ. ಸಾಗರದ ಹತ್ತಿರದ ಹೆಗ್ಗೋಡು ಇದಕ್ಕೆ ಉತ್ತರ ಕೊಟ್ಟು ಬಹಳ ಕಾಲವಾಯಿತು. 1949ರಲ್ಲಿ ಹುಟ್ಟಿದ ನೀನಾಸಂ ಎಂಬ ನಾಟಕ ಬಳಗ ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜ, ಅಂದರೆ ಒಟ್ಟಿಗೆ ಸಿನಿಮಾ ನೋಡಿ ಮಾತಾಡುವ ಸಂಘ, ಕಟ್ಟಿತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಜಪಾನಿನ, ಇಟಲಿಯ, ಬಂಗಾಳದ ಸಿನಿಮಾಗಳನ್ನು ತಂದು ಹಳ್ಳಿಯ ಜನರಿಗೆ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದೂರ್ ಅವರಂಥವರು ಅಲ್ಲಿಗೆ ಬಂದು ಪಾಠ ಮಾಡಿದರು. ನೋಡಿದವರಲ್ಲಿ ಅಡಿಕೆ ತೋಟದವರು, ಮೇಷ್ಟ್ರುಗಳು, ಅಂಗಡಿಯವರು ಇದ್ದರು. ಭಾಷೆ ಗೊತ್ತಿಲ್ಲದ ಸಿನಿಮಾದ ಬಗ್ಗೆ ಕೂತು ಮಾತಾಡಿದರು. ಅವರಿಗೆ ಬೇಕಾಗಿದ್ದದ್ದು ಎರಡು: ನೋಡಿದ ಮೇಲೆ ಎದ್ದು ಹೋಗದೆ ಕೂರುವ ಅಭ್ಯಾಸ, ಮಾತಾಡಲು ಪಕ್ಕದಲ್ಲಿ ಒಬ್ಬರು.

ಒಟಿಟಿ ಕಿತ್ತುಕೊಂಡಿರುವುದು ಸರಿಯಾಗಿ ಇದನ್ನೇ. ಸಿನಿಮಾ ಮುಗಿದು ಹೆಸರುಗಳು ಓಡತೊಡಗಿದ ಕೂಡಲೇ ಅವನ್ನು ಮೂಲೆಗೆ ತಳ್ಳಿ ಮುಂದಿನದನ್ನು ತಂದು ನಿಲ್ಲಿಸುತ್ತದೆ. ಸೀರೀಸ್ ಆದರೆ ಐದಾರು ಸೆಕೆಂಡಿನಲ್ಲಿ ಮುಂದಿನ ಎಪಿಸೋಡ್ ತಾನಾಗಿಯೇ ಶುರು. ಸೆಟ್ಟಿಂಗ್ಸಿಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ನನ್ನ ಸಲಹೆಗಳಲ್ಲಿ ಕೂಡಲೇ ಫಲ ಕೊಡುವುದು ಇದೊಂದೇ.

ಮಾತಾಡಲು ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ? ಅತ್ತೆ! ಅವರನ್ನು ಕಡಿಮೆ ಅಂದುಕೊಳ್ಳಬೇಡಿ. ‘ನೋಡ್ತಾ ಇರು, ಈಗ ಇವಳು ಮೆಟ್ಟಿಲಿಂದ ಬೀಳ್ತಾಳೆ’ ಅಂತ ಅವರು ಮೊದಲೇ ಹೇಳಿಬಿಡುವುದಿಲ್ವಾ? ಹೇಗೆ ಗೊತ್ತಾಯ್ತು ಅಂತ ಕೇಳಿ. ‘ಮೆಟ್ಟಿಲನ್ನ ಸುಮ್ಸುಮ್ನೆ ಎರಡು ಸಲ ತೋರಿಸಿದ್ನಲ್ಲ’ ಅನ್ನುತ್ತಾರೆ. ಇದು ಎಡಿಟಿಂಗಿನ ಪಾಠ. ‘ಹಬ್ಬದ ಸೀನ್ ಬಂತು ಅಂದ್ರೆ ಏನೋ ಕೆಟ್ಟದ್ದಾಗುತ್ತೆ’ ಅನ್ನುತ್ತಾರೆ. ಇದು ಕಥೆ ಕಟ್ಟುವ ಪಾಠ. ವರ್ಷಗಟ್ಟಲೆ ನೋಡಿ ಅವರು ಇದನ್ನೆಲ್ಲ ಕಲಿತಿದ್ದಾರೆ, ಯಾರೂ ಕೇಳಿಲ್ಲ ಅಷ್ಟೇ. ಒಂದು ಹೆಜ್ಜೆ ಮುಂದೆ ಹೋಗಿ ಕೇಳಿ: ಈ ಕಥೆಯಲ್ಲಿ ಕೆಟ್ಟವಳು ಯಾಕೆ ಯಾವಾಗಲೂ ಹೆಂಗಸೇ? ಗಂಡಸರು ಇಷ್ಟೊಂದು ಪೆದ್ದರಾ? ಮನೆಯ ಗಲಾಟೆಗೆಲ್ಲ ಅವರು ಕಾರಣವೇ ಅಲ್ವಾ? ಅತ್ತೆಯ ಉತ್ತರ ನಿಮ್ಮ ಮಗಳಿಗೂ ಹೊಸದಾಗಿರಬಹುದು.

ಟಿವಿಯ ನ್ಯೂಸಿಗೂ ಮ್ಯೂಟ್ ಪರೀಕ್ಷೆ ಮಾಡಿ ನೋಡಿ. ಅದೇ ಆರು ಸೆಕೆಂಡಿನ ದೃಶ್ಯ ಹತ್ತು ಸಲ ಸುತ್ತುತ್ತಿರುತ್ತದೆ, ಮೇಲೊಂದು ಕೆಂಪು ವೃತ್ತ. ಮೂಲೆಯಲ್ಲಿ ‘ಸಾಂದರ್ಭಿಕ ಚಿತ್ರ’ ಅಂತ ಸಣ್ಣಕ್ಷರ ಇದೆಯಾ ನೋಡಿ. ಇದ್ದರೆ ನೀವು ನೋಡುತ್ತಿರುವುದು ಆ ಘಟನೆಯನ್ನಲ್ಲ. ಸುದ್ದಿಗೆ ಹಿನ್ನೆಲೆ ಸಂಗೀತ ಯಾಕೆ ಬೇಕು ಅನ್ನುವುದಕ್ಕೆ ನನಗೆ ಇವತ್ತಿನವರೆಗೂ ಒಪ್ಪುವ ಉತ್ತರ ಸಿಕ್ಕಿಲ್ಲ.

ಇನ್ನು ಬರೆದಿಡುವ ವಿಷಯ. ಕಥೆಯನ್ನಂತೂ ಬರೆಯಬೇಡಿ, ಅದು ಎಲ್ಲಿ ಹುಡುಕಿದರೂ ಸಿಗುತ್ತದೆ. ಸ್ಟಾರ್ ಕೊಡಬೇಡಿ. ನಿಮಗೆ ಉಳಿದ ಒಂದು ದೃಶ್ಯ ಬರೆಯಿರಿ. ಯಾರಿದ್ದರು, ಎಷ್ಟು ದೂರದಿಂದ ತೋರಿಸಿದರು, ಬೆಳಕು ಎಲ್ಲಿಂದ ಬರುತ್ತಿತ್ತು. ಒಂದು ಸದ್ದು ಬರೆಯಿರಿ. ತೋರಿಸಬಹುದಿತ್ತು, ಆದರೆ ತೋರಿಸಲಿಲ್ಲ ಅನಿಸಿದ ಒಂದು ಸಂಗತಿ ಬರೆಯಿರಿ. ಮೂರನೆಯದು ಕಷ್ಟ, ಆದರೆ ಅದರಲ್ಲೇ ಕಲಿಯುವುದು ಜಾಸ್ತಿ. ನೋಡಿದ್ದಕ್ಕೆಲ್ಲ ಹೀಗೆ ಬರೆಯಲು ಹೋದರೆ ಹದಿನೈದು ದಿನದಲ್ಲಿ ಬೇಜಾರಾಗಿ ಬಿಡುತ್ತೀರಿ. ವಾರಕ್ಕೊಂದು ಸಿನಿಮಾ, ಸೀರಿಯಲ್ಲಿನಲ್ಲಿ ಒಂದು ಸೀನ್ ಸಾಕು. ಮಿಕ್ಕಿದ್ದನ್ನು ಸುಸ್ತಾದ ದಿನ ಎಲ್ಲರೂ ನೋಡುವ ಹಾಗೆ ಕಾಲು ಚಾಚಿಕೊಂಡು ನೋಡಿ.